ಸೇಂಟ್ ಐವ್ಸ್‌ನಿಂದ ಪೆನ್ಝಾನ್ಸ್: ಸಮುದ್ರ ಪಕ್ಕದಲ್ಲೇ ಇರುವಾಗ ನಕ್ಷೆ ಯಾಕೆ?

ಬ್ರಿಸ್ಟಲ್‌ಬಿಸಿಬೇಳೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಒಂದು ವಾರ ರಜೆ ಸಿಕ್ಕಿದೆ. ನಾನು, ನನ್ನ ತಂಗಿ ಸೇರಿ ಇಂಗ್ಲೆಂಡಿನ ಸೌತ್ ವೆಸ್ಟ್ ಕೋಸ್ಟ್ ಪಾತ್‌ನಲ್ಲಿ ನಡೆಯೋಣ ಅಂತಿದ್ದೇವೆ. ಪೂರ್ತಿ ಅಲ್ಲ ಮತ್ತೆ! ಮೈನ್‌ಹೆಡ್‌ನಿಂದ ಪೂಲ್ ಬಂದರಿನ ಬಾಯಿಯವರೆಗೆ ಅದು 630 ಮೈಲಿ, ಅಂದರೆ 1,014 ಕಿಲೋಮೀಟರ್. ಮುಗಿಸಲು ಏಳೆಂಟು ವಾರ ಬೇಕಂತೆ. ಅಷ್ಟು ರಜೆ ಕೇಳಿದರೆ ಆಫೀಸಿನವರು ಹಾಗೇ ನಡೀತಾ ಇರಿ, ವಾಪಸ್ ಬರಬೇಡಿ ಅಂತಾರೆ. ನಮ್ಮದು ಕಾರ್ನ್‌ವಾಲ್‌ನ ತುದಿ ಮಾತ್ರ. ಸೇಂಟ್ ಐವ್ಸ್‌ನಲ್ಲಿ ಹೊರಟು, ಲ್ಯಾಂಡ್ಸ್ ಎಂಡ್ ಸುತ್ತಿ, ಪೆನ್ಝಾನ್ಸ್. ಸುಮಾರು 65 ಕಿಲೋಮೀಟರ್, ಐದು ದಿನ.

ಈಗ ಮನೆಯಲ್ಲಿ ಜಗಳ. ಜೊತೆ ಕೆಲಸ ಮಾಡುವ ಒಬ್ಬರು 1:25,000ದ ಆರ್ಡನೆನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ) ನಕ್ಷೆ ತಗೊಳ್ಳಲೇಬೇಕು ಅಂತ ಹೇಳಿದರು. ತಂಗಿ ನಗುತ್ತಾಳೆ. "ಅಕ್ಕಾ, ಸಮುದ್ರ ಬಲಗಡೆ ಇರಬೇಕು, ಅಷ್ಟೇ. ಎಡಗಡೆ ಬಂದರೆ ವಾಪಸ್ ಹೋಗ್ತಿದ್ದೀವಿ ಅಂತ ಅರ್ಥ. ಅದಕ್ಕೆ ದುಡ್ಡು ಕೊಟ್ಟು ಕಾಗದ ಯಾಕೆ?"

ನಿಜ ಹೇಳಬೇಕೆಂದರೆ ನನಗೂ ಉತ್ತರ ಹೊಳೆಯಲಿಲ್ಲ. ನಡೆದವರು ಹೇಳಿ.

ಫೋನೇಸಾಕು

ತಂಗಿ ಗೆದ್ದರು. ಫೋನಿನಲ್ಲಿ ನಕ್ಷೆ ಇದೆ, ಜಿಪಿಎಸ್ ಇದೆ. ಮುಗೀತು.

ನಕ್ಷೆಪೆಟ್ಟಿಗೆ

ತಂಗಿ ಹೇಳಿದ್ದು ಮುಕ್ಕಾಲು ಪಾಲು ಸರಿ. ನಾನು ಈ ದಾರಿಯನ್ನು ತುಂಡು ತುಂಡಾಗಿ ಒಂಬತ್ತು ವರ್ಷದಲ್ಲಿ ಮುಗಿಸಿದೆ. ಅಷ್ಟರಲ್ಲಿ ದಾರಿ ತಪ್ಪಿದ್ದು ನಾಲ್ಕೈದು ಸಲ. ಅದೂ ಎಲ್ಲ ಊರೊಳಗೆ, ಮನೆಗಳ ಹಿಂದಿನ ಓಣಿಗಳಲ್ಲಿ. ಗುಡ್ಡದ ಮೇಲೆ ಓಕ್ ಕಾಯಿಯ ಗುರುತಿರುವ ಕಂಬಗಳಿವೆ, ಸವೆದ ಕಾಲುದಾರಿ ಇದೆ, ಪಕ್ಕದಲ್ಲಿ ಸಮುದ್ರ ಇದೆ. ತಪ್ಪಿಸಿಕೊಳ್ಳಬೇಕು ಅಂದರೂ ಕಷ್ಟ.

ಆದರೆ ಕಡಲ ದಾರಿಯಲ್ಲಿ ನಕ್ಷೆ ಬೇಕಾಗುವುದು "ನಾನು ಯಾವ ಕಡೆ ಹೋಗಲಿ" ಅಂತ ಕೇಳಲು ಅಲ್ಲ. "ಕತ್ತಲಾಗುವ ಮೊದಲು ತಲುಪುತ್ತೀನಾ? ಇಲ್ಲವಾದರೆ ಎಲ್ಲಿ ಬಿಟ್ಟು ಹೊರಗೆ ಹೋಗಲಿ?" ಅಂತ ಕೇಳಲು. ಆ ಪ್ರಶ್ನೆಗೆ ಸಮುದ್ರ ಉತ್ತರ ಕೊಡುವುದಿಲ್ಲ. ಅದು ಬಲಗಡೆ ಸುಮ್ನೆ ಹೊಳೆಯುತ್ತಾ ಇರುತ್ತದೆ, ಅಷ್ಟೇ.

ಈ ದಾರಿ ಹುಟ್ಟಿದ್ದೇ ವಿಚಿತ್ರ ಕಾರಣಕ್ಕೆ. ಕಳ್ಳಸಾಗಣೆ ಹಿಡಿಯಲು ಕರಾವಳಿ ಕಾವಲಿನವರು ಓಡಾಡಿದ ದಾರಿ ಇದು. ಅವರು ಪ್ರತಿಯೊಂದು ಸಣ್ಣ ಕೊಲ್ಲಿಯೊಳಗೂ ಬಗ್ಗಿ ನೋಡಬೇಕಿತ್ತು. ಹಾಗಾಗಿ ದಾರಿ ಅಂಚಿಗೇ ಅಂಟಿಕೊಂಡಿದೆ. ಆರಾಮವಾಗಿ ನಡೆಯಲಿ ಅಂತ ಯಾರೂ ಇದನ್ನು ಮಾಡಲಿಲ್ಲ. ತೊರೆ ಸಮುದ್ರ ಸೇರುವ ಕಡೆಯೆಲ್ಲ ಕೆಳಗಿಳಿಯಬೇಕು, ದಾಟಬೇಕು, ಮತ್ತೆ ಹತ್ತಬೇಕು. ಪೂರ್ತಿ ದಾರಿಯ ಏರು ಕೂಡಿಸಿದರೆ ಸುಮಾರು 35,000 ಮೀಟರ್. ಎವರೆಸ್ಟ್ ಎತ್ತರದ ಹತ್ತಿರಹತ್ತಿರ ನಾಲ್ಕು ಪಟ್ಟು. ಇದನ್ನು ಕೇಳಿದ ಮೇಲೂ "ಬೀಚ್ ವಾಕ್" ಅನ್ನುವವರು ಹಾರ್ಟ್‌ಲೆಂಡ್‌ನಿಂದ ಬ್ಯೂಡ್‌ಗೆ ಒಮ್ಮೆ ನಡೆದು ಬರಲಿ. ಒಂದೇ ದಿನದಲ್ಲಿ 25 ಕಿಲೋಮೀಟರ್. ಕಣಿವೆಯ ಮೇಲೆ ಕಣಿವೆ. ಸಂಜೆಗೆ ಮೊಣಕಾಲು ನಮ್ಮದಲ್ಲ.

ಈಗ ನಿಮ್ಮ ಅಸಲು ಪ್ರಶ್ನೆ. ಇಡೀ ದಾರಿಗೆ 1:25,000ದ ಹಾಳೆಗಳು ಹದಿನೈದಕ್ಕಿಂತ ಜಾಸ್ತಿ ಬೇಕು. ಆದರೆ ನೀವು ಅದೃಷ್ಟವಂತರು. ಎಕ್ಸ್‌ಪ್ಲೋರರ್ ಸರಣಿಯ 102ನೇ ಹಾಳೆ, ಕಿತ್ತಳೆ ಬಣ್ಣದ ರಟ್ಟು. ಲ್ಯಾಂಡ್ಸ್ ಎಂಡ್, ಪೆನ್ಝಾನ್ಸ್, ಸೇಂಟ್ ಐವ್ಸ್ ಮೂರೂ ಅದೊಂದರಲ್ಲೇ ಇವೆ. ಐದು ದಿನಕ್ಕೆ ಒಂದೇ ಕಾಗದ. ಜಗಳವಾಡುವಷ್ಟು ದುಡ್ಡಿನ ಮಾತೇ ಅಲ್ಲ.

ಬ್ರಿಸ್ಟಲ್‌ಬಿಸಿಬೇಳೆ

ಅಯ್ಯೋ, ಒಂದೇ ಹಾಳೆನಾ! ಅಂಗಡಿಯಲ್ಲಿ ಗುಲಾಬಿ ರಟ್ಟಿನದೂ ನೋಡಿದೆ. 1:50,000 ಅಂತ ಇತ್ತು. ಅದು ಸಾಲದಾ? ಅಗಲ ಜಾಸ್ತಿ ಬರುತ್ತದಲ್ಲ.

ನಕ್ಷೆಪೆಟ್ಟಿಗೆ

ಗುಲಾಬಿ ಲ್ಯಾಂಡ್‌ರೇಂಜರ್‌ನಲ್ಲಿ ಒಂದು ಕಿಲೋಮೀಟರ್‌ಗೆ 2 ಸೆಂಟಿಮೀಟರ್. ಕಿತ್ತಳೆಯದರಲ್ಲಿ 4. ವ್ಯತ್ಯಾಸ ಬರೀ ದೊಡ್ಡದು ಚಿಕ್ಕದು ಅಂತಲ್ಲ. ಕಿತ್ತಳೆಯಲ್ಲಿ ಹೊಲದ ಬೇಲಿ, ಕಲ್ಲುಗೋಡೆ ಎಲ್ಲ ಸಣ್ಣ ಕಪ್ಪು ಗೆರೆಯಲ್ಲಿ ಇರುತ್ತದೆ. ಗುಲಾಬಿಯಲ್ಲಿ ಇರುವುದಿಲ್ಲ. ಅಂಚಿನ ಮೇಲೆ ನಡೆಯುವಾಗ ಬೇಲಿ ಕಟ್ಟಿಕೊಂಡು ಏನಾಗಬೇಕು ಅನ್ನಿಸುತ್ತದೆ. ಮಳೆ ಗಾಳಿ ಶುರುವಾಗಿ, ದಾರಿ ಬಿಟ್ಟು ಒಳಗಿನ ಹಳ್ಳಿಗೆ ಹೋಗಬೇಕಾದಾಗ ಗೊತ್ತಾಗುತ್ತದೆ. ನಿಮ್ಮ ದಾರಿಯಲ್ಲಿ ಸಿಗುವ ಝೆನ್ನರ್ ಹಳ್ಳಿಯ ಸುತ್ತಮುತ್ತ ಹೊಲಗಳು ಅಂಗೈ ಅಗಲ. ತುಂಬ ಹಳೇ ಕಾಲದ ಕಲ್ಲುಗೋಡೆಗಳು. "ಮೂರನೇ ಗೋಡೆ ದಾಟಿ ಎಡಕ್ಕೆ" ಅಂತ ಲೆಕ್ಕ ಹಾಕಿಕೊಂಡು ಹೋಗಬೇಕು.

ಇನ್ನೊಂದು. ಹಸಿರು ಚುಕ್ಕೆಗೆರೆ ಮತ್ತು ಕಪ್ಪು ಚುಕ್ಕೆಗೆರೆ ಒಂದೇ ಅಂತ ತಿಳಿಯಬೇಡಿ. ಹಸಿರು ಅಂದರೆ ಸಾರ್ವಜನಿಕರಿಗೆ ನಡೆಯುವ ಹಕ್ಕಿರುವ ದಾರಿ. ಅದು ಕಾಗದದ ಹಕ್ಕು. ಕಪ್ಪು ಅಂದರೆ ನೆಲದ ಮೇಲೆ ನಿಜವಾಗಿ ಕಾಣುವ ಕಾಲುದಾರಿ. ಕೆಲವು ಕಡೆ ಎರಡೂ ಜೊತೆಗಿರುತ್ತವೆ. ಕೆಲವು ಕಡೆ ಹಸಿರು ಗೆರೆ ನೇರ ಮುಳ್ಳುಪೊದೆಯೊಳಗೆ ಹೋಗುತ್ತದೆ, ಕಪ್ಪು ಅದರ ಪಕ್ಕದಲ್ಲಿ ಬಳಸಿಕೊಂಡು ಬರುತ್ತದೆ. ನಾನು ಮೊದಲನೇ ವರ್ಷ ಹಕ್ಕು ಚಲಾಯಿಸಲು ಹೋಗಿ ಪ್ಯಾಂಟ್ ಹರಿದುಕೊಂಡೆ.

ಅಳಿವೆಬಾಗಿಲು

ಕುಮಟೆಯವನು ನಾನು. ನಿಮ್ಮ ಮಾತೆಲ್ಲ ಕೇಳಿ ನಗು ಬಂತು ಮಾರಾಯ್ರೆ. ನಮ್ಮಲ್ಲಿ ಕುಮಟೆಯಿಂದ ಗೋಕರ್ಣಕ್ಕೆ ಕಡಲ ದಂಡೆ ಹಿಡಿದು ಎಷ್ಟೋ ಜನ ನಡೆಯುತ್ತಾರೆ. ವನ್ನಳ್ಳಿ, ಕಡ್ಲೆ, ಬಾಡ ದಾಟಿ ಅಘನಾಶಿನಿ ಅಳಿವೆ. ಅಲ್ಲಿ ತಾರಿ ದೋಣಿಯಲ್ಲಿ ತದಡಿಗೆ ದಾಟಿದರೆ ಆಯ್ತು. ಆಮೇಲೆ ಬೇಲೆಕಾನು, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ. ಯಾರೂ ನಕ್ಷೆ ಹಿಡಿದಿದ್ದು ನಾನು ನೋಡಿಲ್ಲ. ದಾರಿಯಲ್ಲಿ ಬಲೆ ಹೊಲಿಯುತ್ತಾ ಕೂತವರನ್ನು ಕೇಳಿದರೆ ನಕ್ಷೆಗಿಂತ ಜಾಸ್ತಿ ಹೇಳುತ್ತಾರೆ. "ಈಗ ಹೋಗಬೇಡಿ, ಭರ್ತಿ ಇದೆ, ಬಂಡೆ ಸುತ್ತೋದಕ್ಕೆ ಆಗೋದಿಲ್ಲ, ಚಾ ಕುಡಿದು ಹೋಗಿ" ಅಂತ ಯಾವ ಹಾಳೆ ಹೇಳುತ್ತದೆ?

ಹಳೇಥಿಯೊಡೊಲೈಟ್

ಕುಮಟೆಯವರೇ, ಹೇಳುವವರು ಇರುವ ಕಡೆ ನಿಮ್ಮ ಮಾತು ನೂರಕ್ಕೆ ನೂರು ನಿಜ. ನಮ್ಮ ದಂಡೆಯಲ್ಲಿ ಪ್ರತಿ ಎರಡು ಕಿಲೋಮೀಟರ್‌ಗೆ ಒಂದು ಊರು ಸಿಗುತ್ತದೆ. ಕಾರ್ನ್‌ವಾಲ್‌ನ ಅಂಚಿನಲ್ಲಿ ಎರಡು ಗಂಟೆ ನಡೆದರೂ ಕೇಳಲು ಒಬ್ಬರೂ ಸಿಗದೆ ಹೋಗಬಹುದು, ಕುರಿ ಬಿಟ್ಟರೆ. (ಮಗಳ ಮನೆಗೆ ಹೋದಾಗ ಎರಡು ದಿನ ನಡೆದಿದ್ದೇನೆ. ಕುರಿಗಳನ್ನು ಕೇಳಿಯೂ ನೋಡಿದೆ.)

ನಾನು ನಿವೃತ್ತ ಸರ್ವೇಯರ್. ಸ್ವಲ್ಪ ಜಂಬ ಕೊಚ್ಚಿಕೊಳ್ಳಲು ಅವಕಾಶ ಕೊಡಿ. ಇಂಗ್ಲೆಂಡಿನ ಆರ್ಡನೆನ್ಸ್ ಸರ್ವೆ ಶುರುವಾಗಿದ್ದು 1791ರಲ್ಲಿ. ನಮ್ಮ ಸರ್ವೆ ಆಫ್ ಇಂಡಿಯಾ 1767ರದು. 24 ವರ್ಷ ನಾವೇ ಹಿರಿಯರು. ಕುಮಟೆ, ಗೋಕರ್ಣಕ್ಕೂ ಟೋಪೋಶೀಟ್ ಇದೆ. ಹಳೇ ಲೆಕ್ಕದಲ್ಲಿ ಗೋಕರ್ಣ 48ಜೆ/6, ಕುಮಟೆ 48ಜೆ/7. ಎರಡರ ನಡುವಿನ ಗಡಿ ನೀವು ನಡೆಯುವ ದಂಡೆಯ ಮೇಲೇ ಹಾದುಹೋಗುತ್ತದೆ. ಆದರೆ ಅದು 1:50,000. ಬೇಲಿ, ದಣಪೆ ಅಂತೆಲ್ಲ ಅದರಲ್ಲಿ ಹುಡುಕಬೇಡಿ. ಅಳಿವೆಯ ಮರಳಂತೂ ಮಳೆಗಾಲಕ್ಕೊಮ್ಮೆ ಜಾಗ ಬದಲಿಸುತ್ತದೆ. ಅದಕ್ಕೆ ದೋಣಿಯವರೇ ಗತಿ, ಒಪ್ಪಿದೆ.

ಇನ್ನು ತಂಗಿಯವರಿಗೆ ಒಂದು ಮಾತು. ನಕ್ಷೆ ಹಿಡಿದು ಪೆನ್ಝಾನ್ಸ್ ಮುಟ್ಟುವ ಮೊದಲು ನ್ಯೂಲಿನ್ ಅನ್ನುವ ಮೀನುಗಾರರ ಬಂದರು ಸಿಗುತ್ತದೆ. ಬ್ರಿಟನ್ನಿನ ನಕ್ಷೆಗಳಲ್ಲಿ "318 ಮೀಟರ್", "191 ಮೀಟರ್" ಅಂತ ಬೆಟ್ಟದ ಎತ್ತರ ಬರೆದಿರುತ್ತಾರಲ್ಲ, ಯಾವುದರಿಂದ 318? ಆ ನ್ಯೂಲಿನ್ ಕಟ್ಟೆಯ ತುದಿಯಲ್ಲಿ 1915ರಿಂದ 1921ರವರೆಗೆ ಸಮುದ್ರದ ಮಟ್ಟ ಅಳೆದು ಸರಾಸರಿ ತೆಗೆದರು. ಅದೇ ಸೊನ್ನೆ. ಅಂದರೆ ನೀವು ಐದು ದಿನ ಹತ್ತಿ ಇಳಿಯುವ ಪ್ರತಿ ಗೆರೆಯೂ ನೀವು ಕೊನೆಗೆ ಮುಟ್ಟುವ ಆ ಕಟ್ಟೆಯಿಂದ ಎಣಿಸಿದ್ದು.

ಕರಾವಳಿಯವರು ಬೇಜಾರು ಮಾಡಿಕೊಳ್ಳಬೇಡಿ. ಭಾರತದ ಎತ್ತರಗಳಿಗೆ ಸೊನ್ನೆ ಹುಡುಕುವಾಗ ಒಂಬತ್ತು ಬಂದರುಗಳ ಉಬ್ಬರ ಇಳಿತ ಅಳೆದರು. ಅದರಲ್ಲಿ ಕಾರವಾರವೂ ಒಂದು.

ಅಳಿವೆಬಾಗಿಲು

ಕಾರವಾರದ್ದು ಗೊತ್ತಿರಲಿಲ್ಲ ಸರ್. ಈಗ ನಮ್ಮ ಅಣ್ಣನಿಗೆ ಹೇಳಬೇಕು, ಅವನು ಅಲ್ಲೇ ಬಂದರಿನಲ್ಲಿ ಕೆಲಸ ಮಾಡುವುದು. ಆದರೂ ಚಾ ವಿಷಯದಲ್ಲಿ ನಾನು ಸೋಲುವುದಿಲ್ಲ.

ಫೋನೇಸಾಕು

ಎಲ್ಲ ಸರಿ. ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಅದೇ 1:25,000 ನಕ್ಷೆ ಆಪ್‌ನಲ್ಲೂ ಸಿಗುತ್ತದೆ. ಮೊದಲೇ ಇಳಿಸಿಕೊಂಡರೆ ಸಿಗ್ನಲ್ ಬೇಡ. ಜಿಪಿಎಸ್‌ಗೆ ಟವರ್ ಬೇಕಿಲ್ಲ. ನೀಲಿ ಚುಕ್ಕೆ ನೀವೆಲ್ಲಿದ್ದೀರಿ ಅಂತ ತೋರಿಸುತ್ತದೆ. ಇಷ್ಟಿದ್ದ ಮೇಲೆ ಗಾಳಿಯಲ್ಲಿ ಒಂದು ಮೀಟರ್ ಅಗಲದ ಕಾಗದ ಬಿಚ್ಚುವುದು ಯಾವ ಬುದ್ಧಿವಂತಿಕೆ?

ಪ್ಲಿಮತ್‌ಪುಳಿಯೋಗರೆ

ನಾನು ಎರಡೂ ಒಯ್ಯುತ್ತೇನೆ. ಕಾಗದದ ನಕ್ಷೆ ಕೊಂಡರೆ ಒಳಗಡೆ ಗೀಚುವ ಕೋಡ್ ಇರುತ್ತದೆ, ಅದರಿಂದ ಅದೇ ಹಾಳೆ ಫೋನಿಗೂ ಇಳಿಯುತ್ತದೆ. ಬೇರೆ ಬೇರೆ ಕೊಳ್ಳಬೇಕಿಲ್ಲ.

ನೀಲಿ ಚುಕ್ಕೆ ಒಳ್ಳೆಯದೇ. ಆದರೆ ಅದು "ಇಲ್ಲಿದ್ದೀಯಾ" ಅನ್ನುತ್ತದೆ. ಮುಂದಿನ ಮೂರು ಗಂಟೆ ಹೇಗಿರುತ್ತದೆ ಅಂತ ಆರು ಇಂಚಿನ ಪರದೆಯಲ್ಲಿ ಕಾಣುವುದಿಲ್ಲ. ಹತ್ತಿರ ಎಳೆದರೆ ಹಳ್ಳಿ ಹೊರಗೆ ಹೋಗುತ್ತದೆ, ದೂರ ತಳ್ಳಿದರೆ ಗೆರೆಗಳು ಮಾಯ. ಬೆರಳು ಒದ್ದೆ, ಪರದೆ ಒದ್ದೆ, ಉಪ್ಪು ಹನಿ ಬೇರೆ. ಒತ್ತಿದ್ದು ಒಂದು, ತೆರೆದಿದ್ದು ಇನ್ನೊಂದು. ಒಮ್ಮೆ ನನ್ನ ಫೋನ್ ಮಳೆಯಲ್ಲಿ ತಾನೇ ನಮ್ಮ ಅತ್ತೆಗೆ ಕರೆ ಮಾಡಿತು. ಬೆಳಗಾವಿಯಲ್ಲಿ ರಾತ್ರಿ ಹನ್ನೊಂದು.

ಹಾಗಂತ ಫೋನ್ ಬಿಟ್ಟು ಹೋಗಬೇಡಿ. ಯಾರಾದರೂ ಬಿದ್ದರೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕು ಅನ್ನಬೇಕು. ಎಲ್ಲಿದ್ದೀರಿ ಅಂತ ಕೇಳುತ್ತಾರೆ. ಆಗ ಗ್ರಿಡ್ ಸಂಖ್ಯೆ, ಅಂದರೆ ನಕ್ಷೆಯ ಚೌಕದ ಗೆರೆಗಳ ಅಂಕಿ, ಹೇಳಿದರೆ ಕೆಲಸ ಬೇಗ. ಫೋನ್ ಆ ಸಂಖ್ಯೆ ತೋರಿಸುತ್ತದೆ. ಕಾಗದದಲ್ಲೂ ಓದಬಹುದು. ನಕ್ಷೆಯ ಒಂದೊಂದು ಚೌಕ ಒಂದು ಕಿಲೋಮೀಟರ್. ಮೊದಲು ಅಡ್ಡ ಹೋಗಿ, ಆಮೇಲೆ ಮೇಲಕ್ಕೆ. ಚೌಕವನ್ನು ಮನಸ್ಸಿನಲ್ಲೇ ಹತ್ತು ಭಾಗ ಮಾಡಿದರೆ ಆರು ಅಂಕಿ ಸಿಗುತ್ತದೆ, 100 ಮೀಟರ್ ಒಳಗೆ ನಿಮ್ಮನ್ನು ಹುಡುಕಬಹುದು. ಹೊರಡುವ ಮೊದಲು ಮನೆಯಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿ. ಅಡ್ಡ, ಉದ್ದ ಉಲ್ಟಾ ಹೇಳಿದರೆ ಹೆಲಿಕಾಪ್ಟರ್ ಇನ್ನೆಲ್ಲೋ ಸುತ್ತುತ್ತದೆ.

ಬ್ರಿಸ್ಟಲ್‌ಬಿಸಿಬೇಳೆ

ತಂಗಿ ಈಗ ಸ್ವಲ್ಪ ಮೆತ್ತಗಾಗಿದ್ದಾಳೆ. "ಹೆಲಿಕಾಪ್ಟರ್" ಅನ್ನುವ ಪದ ಕೆಲಸ ಮಾಡಿತು. ನಕ್ಷೆ ಬಂದಿದೆ, ಊಟದ ಮೇಜಿನ ಮೇಲೆ ಹಾಸಿದ್ದೇವೆ. ಇಬ್ಬರಿಗೂ ಒಂದು ಡೌಟು. ಮೊದಲನೇ ದಿನ ಸೇಂಟ್ ಐವ್ಸ್‌ನಿಂದ ಝೆನ್ನರ್ ಹತ್ತು ಕಿಲೋಮೀಟರ್ ಚಿಲ್ಲರೆ. ಎರಡೂವರೆ ಗಂಟೆ ಸಾಕಲ್ವಾ? ಊಟ ಝೆನ್ನರ್‌ನಲ್ಲಿ ಮಾಡಿ, ಮಧ್ಯಾಹ್ನ ಇನ್ನೂ ಹನ್ನೊಂದು ಹನ್ನೆರಡು ನಡೆದು ಪೆಂಡೀನ್ ದೀಪಸ್ತಂಭದ ಹತ್ತಿರ ಉಳಿಯೋಣ ಅಂತ.

ನಕ್ಷೆಪೆಟ್ಟಿಗೆ

ಅಮ್ಮಾ, ನಿಲ್ಲಿ ನಿಲ್ಲಿ! ರೂಮ್ ಬುಕ್ ಮಾಡಿಲ್ಲ ತಾನೇ?

ನೈಸ್ಮಿತ್ ಅಂತ ಒಬ್ಬ ಸ್ಕಾಟ್ಲೆಂಡಿನವರು 1892ರಲ್ಲಿ ಒಂದು ಲೆಕ್ಕ ಹೇಳಿದರು. ಈಗಿನ ಅಳತೆಯಲ್ಲಿ, ಗಂಟೆಗೆ 5 ಕಿಲೋಮೀಟರ್, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ. ಅಂದರೆ 10 ಮೀಟರ್ ಹತ್ತಲು ಒಂದು ನಿಮಿಷ ಜಾಸ್ತಿ. ಕಂದು ಬಣ್ಣದ ಗೆರೆಗಳು ಇವೆಯಲ್ಲ, ಶಾಲೆಯಲ್ಲಿ ಸಮೋನ್ನತಿ ರೇಖೆ ಅಂತ ಬಾಯಿಪಾಠ ಮಾಡಿಸಿದ್ದು, ಅವನ್ನು ಎಣಿಸಿ. ಎಕ್ಸ್‌ಪ್ಲೋರರ್‌ನಲ್ಲಿ ಸಾಮಾನ್ಯವಾಗಿ ಗೆರೆಗೆ ಗೆರೆ 5 ಮೀಟರ್. ಬೆಟ್ಟದ ಸೀಮೆಯ ಹಾಳೆಗಳಲ್ಲಿ 10 ಇರಬಹುದು. ಅಂಚಿನಲ್ಲಿ ಬರೆದಿರುತ್ತದೆ, ಮೊದಲು ಅದನ್ನು ನೋಡಿ.

ಒಂದು ಉದಾಹರಣೆ. ಈ ದಾರಿಯ ಅತಿ ಎತ್ತರದ ಜಾಗ ಗ್ರೇಟ್ ಹ್ಯಾಂಗ್‌ಮನ್, ಮೇಲೆ ಸರ್ವೇಯರ್ ಸರ್ ಹೇಳಿದ ಆ 318 ಮೀಟರ್. ಕೂಮ್ ಮಾರ್ಟಿನ್ ಊರಿನ ದಂಡೆಯಿಂದ ಹತ್ತಿದರೆ ಮೂರು ಕಿಲೋಮೀಟರ್ ಆಸುಪಾಸು. ಬಯಲಿನಲ್ಲಾದರೆ 36 ನಿಮಿಷ. ಏರಿಗೆ ಇನ್ನೂ 32 ನಿಮಿಷ. ಹತ್ತಿರಹತ್ತಿರ ಎರಡರಷ್ಟು ಆಯ್ತು.

ಈಗ ಇದರ ಮೋಸ ಕೇಳಿ. ಕಡಲ ದಾರಿಯಲ್ಲಿ ನಾಲ್ಕು ಮೀಟರ್ ಇಳಿದು ನಾಲ್ಕು ಮೀಟರ್ ಹತ್ತುವ ಜಾಗ ನೂರಾರು. ಅದು ಎರಡು ಗೆರೆಗಳ ನಡುವೆ ಮುಚ್ಚಿಹೋಗುತ್ತದೆ, ನಕ್ಷೆಯಲ್ಲಿ ಕಾಣುವುದೇ ಇಲ್ಲ. ಕಾಲಿಗೆ ಮಾತ್ರ ಕಾಣುತ್ತದೆ. ದೂರವೂ ಅಷ್ಟೇ. ಸ್ಕೇಲ್ ಇಟ್ಟು ಅಳೆಯಬೇಡಿ. ಹೊಲಿಗೆ ದಾರ ತಗೊಂಡು ದಾರಿಯ ತಿರುವು ತಿರುವಿಗೂ ಬಾಗಿಸಿ ಇಡಿ, ಆಮೇಲೆ ನೆಟ್ಟಗೆ ಎಳೆದು ಅಳೆಯಿರಿ, 4 ಸೆಂಟಿಮೀಟರ್‌ಗೆ ಒಂದು ಕಿಲೋಮೀಟರ್. ಅದೇ ದಾರವನ್ನು ಗುಲಾಬಿ ನಕ್ಷೆಯ ಮೇಲೆ ಇಟ್ಟು ನೋಡಿ, ದೂರ ಕಮ್ಮಿ ಬರುತ್ತದೆ. ಸಣ್ಣ ನಕ್ಷೆಯಲ್ಲಿ ಸಣ್ಣ ತಿರುವುಗಳು ನೆಟ್ಟಗಾಗಿಬಿಟ್ಟಿರುತ್ತವೆ. ನಡೆಯುವಾಗ ಯಾರೂ ನೆಟ್ಟಗೆ ಮಾಡಿಕೊಡುವುದಿಲ್ಲ.

ಸೇಂಟ್ ಐವ್ಸ್ ಝೆನ್ನರ್ ನಡುವೆ ಇನ್ನೂ ಒಂದಿದೆ, ಅದು ಗೆರೆಯಲ್ಲಿ ಬರುವುದೇ ಇಲ್ಲ. ಬಂಡೆಗಳ ಮೇಲೆ ಕೈ ಊರಿ ಇಳಿಯಬೇಕು. ನಡುವೆ ನೀರು ನಿಂತ ಕೆಸರು. ಹತ್ತು ಕಿಲೋಮೀಟರ್‌ಗೆ ನನಗೆ ಐದು ಗಂಟೆ ಹಿಡಿಯಿತು. ಅದಾದ ಮೇಲೆ ಪೆಂಡೀನ್ ಅಂತೂ ಮರೆತುಬಿಡಿ. ಝೆನ್ನರ್‌ನಲ್ಲಿ ಉಳಿಯಿರಿ.

ಬ್ರಿಸ್ಟಲ್‌ಬಿಸಿಬೇಳೆ

ರೂಮ್ ಬುಕ್ ಆಗಿತ್ತು. ಈಗ ಬದಲಿಸಿದೆ. ಥ್ಯಾಂಕ್ಸ್ ಸರ್.

ಚಾಂಪಿಯನ್‌ರೀಫ್

ಯಾರಾದರೂ ಪೆಂಡೀನ್ ಅಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ನಾವು ಕೋಲಾರ ಚಿನ್ನದ ಗಣಿಯವರು. ನಮ್ಮ ತಾತ, ಮುತ್ತಾತ ಇಬ್ಬರೂ ಭೂಮಿಯೊಳಗೇ ದುಡಿದವರು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಕೆಜಿಎಫ್ ಗಣಿ ನಡೆಸಲು ಶುರು ಮಾಡಿದಾಗ ಕಾರ್ನ್‌ವಾಲ್‌ನಿಂದ ಗಣಿ ಕೆಲಸ ಬಲ್ಲವರನ್ನು ಕರೆಸಿಕೊಂಡರು. ಅಲ್ಲಿ ತವರದ, ತಾಮ್ರದ ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ. ಪೆಂಡೀನ್‌ನಿಂದ ಕೇಪ್ ಕಾರ್ನ್‌ವಾಲ್‌ವರೆಗೆ ನೀವು ನಡೆಯುವ ಅಂಚು ಪೂರ್ತಿ ಅದೇ ಗಣಿ. ಗೀವರ್, ಲೆವಾಂಟ್, ಬೊಟಾಲಕ್. ಬೊಟಾಲಕ್‌ನಲ್ಲಿ ಬಂಡೆಯ ತುದಿಯಲ್ಲಿ ಎರಡು ಇಂಜಿನ್ ಮನೆಗಳು ಸಮುದ್ರಕ್ಕೆ ಬೀಳುವ ಹಾಗೆ ನಿಂತಿವೆ. ಸುರಂಗಗಳು ಸಮುದ್ರದ ತಳದ ಕೆಳಗೆ ಹೋಗುತ್ತವೆ.

ಇಲ್ಲಿ 1:25,000 ನಕ್ಷೆಗೆ ಬೇರೆಯೇ ಬೆಲೆ. ಹಾಳೆಯ ಆ ಮೂಲೆಯಲ್ಲಿ "ಶಾಫ್ಟ್", "ಹಳೇ ಗಣಿ" ಅನ್ನುವ ಸಣ್ಣ ಅಕ್ಷರಗಳು ಇರುವೆ ಮುತ್ತಿದ ಹಾಗೆ ಇವೆ. ಅದನ್ನು ನೋಡಿದ ಮೇಲೆ "ಇಲ್ಲಿ ಅಡ್ಡ ಹಾಯ್ದು ಹೋಗೋಣ" ಅನ್ನುವ ಆಸೆ ತಾನೇ ಹೋಗುತ್ತದೆ. ದಾರಿ ಬಿಡಬೇಡಿ. ಪೊದೆ ಕಾಣುವ ಕಡೆ ಬಾವಿಯಷ್ಟು ಆಳದ ಗುಂಡಿ ಇರಬಹುದು. ಸುತ್ತ ಕಲ್ಲು ಕಟ್ಟಿದ್ದಾರೆ, ಆದರೂ.

ಲೆವಾಂಟ್‌ನಲ್ಲಿ 1919ರಲ್ಲಿ ಗಣಿಯವರನ್ನು ಮೇಲೆ ಕೆಳಗೆ ಒಯ್ಯುವ ಯಂತ್ರ ಮುರಿದು 31 ಜನ ಸತ್ತರು. ಅಲ್ಲಿ ನಿಂತಾಗ ನನಗೆ ನಮ್ಮ ಊರೇ ನೆನಪಾಯಿತು. ಅದೇ ಬಣ್ಣದ ಮಣ್ಣಿನ ಗುಡ್ಡೆ, ಏನೂ ಬೆಳೆಯದ ನೆಲ. 2001ರಲ್ಲಿ ಕೆಜಿಎಫ್ ಮುಚ್ಚಿದ ದಿನ ಅಪ್ಪ ಊಟ ಮಾಡಿರಲಿಲ್ಲ.

ಬ್ರಿಸ್ಟಲ್‌ಬಿಸಿಬೇಳೆ

ಇದು ಗೊತ್ತೇ ಇರಲಿಲ್ಲ ಅಕ್ಕಾ. ಎರಡನೇ ದಿನವನ್ನು ಇನ್ನೂ ಚಿಕ್ಕದು ಮಾಡಿಕೊಳ್ಳುತ್ತೇವೆ. ಅಲ್ಲಿ ನಿಂತು ನೋಡಬೇಕು.

ಪ್ಲಿಮತ್‌ಪುಳಿಯೋಗರೆ

ಉಬ್ಬರ ಇಳಿತದ ಬಗ್ಗೆಯೂ ಒಂದು ಮಾತು. ನಿಮ್ಮ ತುಂಡಿನಲ್ಲಿ ನದಿ ದಾಟುವ ಕಷ್ಟ ಇಲ್ಲ. ಮುಂದೆ ಬೇರೆ ಕಡೆ ಹೋದರೆ ಬೇಕಾಗುತ್ತದೆ. ಪೂರ್ತಿ ದಾರಿಯಲ್ಲಿ ಪ್ಯಾಡ್‌ಸ್ಟೋ, ಫೌಯಿ, ಸಾಲ್ಕಂಬ್, ಡಾರ್ಟ್‌ಮತ್ ಹೀಗೆ ಎಷ್ಟೋ ಕಡೆ ದೋಣಿ ಇದೆ. ಕೆಲವು ಬೇಸಿಗೆಯಲ್ಲಿ ಮಾತ್ರ. ಆದರೆ ದಕ್ಷಿಣ ಡೆವನ್‌ನ ಅರ್ಮ್ ನದಿಗೆ ದೋಣಿಯೇ ಇಲ್ಲ. ನೀರು ಪೂರ್ತಿ ಇಳಿದಾಗ, ಅದರ ಹಿಂದೆ ಒಂದು ಗಂಟೆ ಮುಂದೆ ಒಂದು ಗಂಟೆ, ಕಾಲು ಒದ್ದೆ ಮಾಡಿಕೊಂಡು ನಡೆದೇ ದಾಟಬೇಕು. ಸಮಯ ತಪ್ಪಿದರೆ ಒಳಗಿನ ರಸ್ತೆ ಸೇತುವೆಗೆ ಸುತ್ತಿ ಬರಬೇಕು, ಹತ್ತು ಕಿಲೋಮೀಟರ್‌ಗೂ ಜಾಸ್ತಿ.

ನಾನು ಜಾಣತನದಿಂದ ಕೋಷ್ಟಕ ನೋಡಿದ್ದೆ. ಇಳಿತ 11:10 ಅಂತ ಇತ್ತು. 10:10ಕ್ಕೆ ಸರಿಯಾಗಿ ಮದರ್‌ಕೂಮ್ ದಂಡೆಯಲ್ಲಿದ್ದೆ. ನೀರು ನೋಡಿದರೆ ಸೊಂಟದವರೆಗೆ. ನಕ್ಷೆ ತೆಗೆದು ನೋಡಿದೆ, ಜಾಗ ಸರಿ. ಗಡಿಯಾರ ನೋಡಿದೆ, ಸರಿ. ತಪ್ಪಾಗಿದ್ದು ಏನು ಗೊತ್ತಾ? ಕೋಷ್ಟಕ ಗ್ರೀನಿಚ್ ಸಮಯದಲ್ಲಿತ್ತು. ಬೇಸಿಗೆಯಲ್ಲಿ ಇಲ್ಲಿನ ಗಡಿಯಾರ ಒಂದು ಗಂಟೆ ಮುಂದೆ. ನಿಜವಾದ ಇಳಿತ 12:10. ಒಂದೂಕಾಲು ಗಂಟೆ ಕಲ್ಲಿನ ಮೇಲೆ ಕೂತು ಡಬ್ಬಿಯಲ್ಲಿದ್ದ ಚಿತ್ರಾನ್ನ ಖಾಲಿ ಮಾಡಿದೆ. ಮಧ್ಯಾಹ್ನಕ್ಕೆ ಏನೂ ಉಳಿಯಲಿಲ್ಲ.

ಹಳೇಥಿಯೊಡೊಲೈಟ್

ಇದಕ್ಕೆ ಸೇರಿಸಿ ಇನ್ನೊಂದು ಗೊಂದಲ. ನಕ್ಷೆಯ ಸೊನ್ನೆ ಸಮುದ್ರದ ಸರಾಸರಿ ಮಟ್ಟ. ಉಬ್ಬರದ ಕೋಷ್ಟಕದ ಸೊನ್ನೆ ಬೇರೆ. ಅದು ನೀರು ಅತಿ ಕೆಳಗೆ ಇಳಿಯುವ ಮಟ್ಟಕ್ಕೆ ಹತ್ತಿರ. ನ್ಯೂಲಿನ್‌ನಲ್ಲಿ ಎರಡಕ್ಕೂ ಸುಮಾರು 3 ಮೀಟರ್ ಅಂತರ. ಕೋಷ್ಟಕದಲ್ಲಿ "1 ಮೀಟರ್" ಅಂತ ಇದ್ದರೆ ನಕ್ಷೆಯ ಲೆಕ್ಕದಲ್ಲಿ ಅದು ಸೊನ್ನೆಗಿಂತ ಎರಡು ಮೀಟರ್ ಕೆಳಗೆ. ಎರಡನ್ನೂ ಕೂಡಿಸಿ ಕಳೆದು ತಲೆ ಕೆಡಿಸಿಕೊಳ್ಳಬೇಡಿ. ನಕ್ಷೆಯಲ್ಲಿ ಉಬ್ಬರದ ಗೆರೆ, ಇಳಿತದ ಗೆರೆ ಎರಡನ್ನೂ ಬಿಡಿಸಿರುತ್ತಾರೆ. ನಡುವಿನ ಮರಳು, ಬಂಡೆ ಎಷ್ಟು ಅಗಲ ಅಂತ ನೋಡಿ, ಸಾಕು. ಮತ್ತೆ ಅಲ್ಲಿನ ನೀರನ್ನು ನಮ್ಮದರ ಹಾಗೆ ಅಂದುಕೊಳ್ಳಬೇಡಿ. ಕಾರವಾರದಲ್ಲಿ ನೀರು ಏರುವುದು ಇಳಿಯುವುದು ಎರಡು ಮೀಟರ್ ಆಸುಪಾಸು. ಅಲ್ಲಿ ಅದರ ಎರಡು ಪಟ್ಟಿಗೂ ಜಾಸ್ತಿ.

ಅಳಿವೆಬಾಗಿಲು

ಎರಡು ಪಟ್ಟಾ! ಹಾಗಾದರೆ ಚಾ ಎರಡು ಕುಡಿಯಬೇಕು.

ಡಾರ್ಸೆಟ್‌ದೋಸೆ

ಪಟ್ಟಿ ನಕ್ಷೆಯ ಬಗ್ಗೆ ಯಾರೂ ಹೇಳಲಿಲ್ಲ. ಎ-ಝಡ್ ಅನ್ನುವ ನಕ್ಷೆ ಪ್ರಕಾಶಕರು ಈ ದಾರಿಗೆ ಅದೇ ಆರ್ಡನೆನ್ಸ್ ಸರ್ವೆ ನಕ್ಷೆಯನ್ನು ಪುಸ್ತಕದ ಹಾಗೆ ಕತ್ತರಿಸಿ ಮಾಡಿದ್ದಾರೆ. ಹಗುರ, ಪುಟ ತಿರುಗಿಸಿದರೆ ಆಯ್ತು, ಗಾಳಿಯಲ್ಲಿ ಹಾರುವುದಿಲ್ಲ. ನಾನು ಅದನ್ನೇ ಒಯ್ಯುವುದು.

ನಕ್ಷೆಪೆಟ್ಟಿಗೆ

ಪೂರ್ತಿ ದಾರಿ ಒಟ್ಟಿಗೆ ನಡೆಯುವವರಿಗೆ ಅದೇ ಸರಿ, ಹದಿನೈದು ಹಾಳೆ ಹೊರುವುದು ಮೂರ್ಖತನ. ಆದರೆ ಪಟ್ಟಿಯಲ್ಲಿ ಅಂಚಿನ ಒಂದೆರಡು ಮೈಲಿ ಮಾತ್ರ. ಅದರಾಚೆ ಬಸ್ ಸಿಗುವ ಊರು ಪುಟದ ಹೊರಗೆ ಉಳಿದಿರುತ್ತದೆ. ನನಗೆ ಆಗಿದ್ದು ಹಾಗೇ. ಕಾಲು ಉಳುಕಿ ಒಳಗೆ ಹೋಗಬೇಕಾದಾಗ ದಾರಿ ಪುಟದ ಅಂಚಿಗೆ ಬಂದು ನಿಂತಿತು. ಒಂದೇ ಹಾಳೆಯಲ್ಲಿ ಮುಗಿಯುವ ನಡಿಗೆಗೆ ಪಟ್ಟಿ ಬೇಡ.

ಡಾರ್ಸೆಟ್‌ದೋಸೆ

ಒಪ್ಪಿದೆ. ಆದರೆ ಎಷ್ಟೇ ದೊಡ್ಡ ಹಾಳೆ ಇದ್ದರೂ ಓದದಿದ್ದರೆ ಏನು ಪ್ರಯೋಜನ? ನಮ್ಮ ಡಾರ್ಸೆಟ್‌ನಲ್ಲಿ ಲಲ್‌ವರ್ತ್‌ನಿಂದ ಕಿಮ್ಮರಿಜ್ ನಡುವೆ ಸೈನ್ಯದ ಗುಂಡು ಹಾರಿಸುವ ಜಾಗ. ನಕ್ಷೆಯಲ್ಲಿ ಕೆಂಪು ಅಕ್ಷರದಲ್ಲಿ ಅಪಾಯ ಅಂತ ಬರೆದೇ ಇರುತ್ತದೆ. ಸಾಮಾನ್ಯವಾಗಿ ಶನಿವಾರ, ಭಾನುವಾರ ಮಾತ್ರ ಬಿಡುತ್ತಾರೆ. ನಾನು ಮಂಗಳವಾರ ಹೋಗಿ ಗೇಟಿನ ಮುಂದೆ ನಿಂತೆ. ಒಳಗೆ ಟೈನಮ್ ಅಂತ ಖಾಲಿ ಊರಿದೆ, 1943ರಲ್ಲಿ ಯುದ್ಧದ ಅಭ್ಯಾಸಕ್ಕೆ ಜನರನ್ನು ಎಬ್ಬಿಸಿದರು, ಮತ್ತೆ ಅವರು ಬರಲೇ ಇಲ್ಲ. ಅದನ್ನು ನೋಡಲೆಂದೇ ಹೋಗಿದ್ದೆ. ದೂರದಿಂದ ಗುಂಡಿನ ಶಬ್ದ ಕೇಳಿಕೊಂಡು ಬಂದೆ.

ಮತ್ತೆ ಹಳೇ ನಕ್ಷೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವವರು ಜೋಪಾನ. ನಮ್ಮ ಕಡೆ ಬಂಡೆ ಕುಸಿಯುತ್ತಲೇ ಇರುತ್ತದೆ. ಲೈಮ್ ರೀಜಿಸ್ ಪಕ್ಕದ ಅಂಡರ್‌ಕ್ಲಿಫ್‌ನಲ್ಲಿ 1839ರ ಕ್ರಿಸ್‌ಮಸ್ ಹೊತ್ತಿಗೆ ಹೊಲ ಹೊಲವೇ ಜಾರಿ ಹೋಯಿತು. ಈಗ ಅಲ್ಲಿ ಕಾಡು. ಏಳು ಮೈಲಿ ಹೊಕ್ಕರೆ ನಡುವೆ ಹೊರಗೆ ಬರಲು ದಾರಿಯಿಲ್ಲ. ನಕ್ಷೆಯಲ್ಲಿ ನೋಡಿ, ಒಳಗಡೆಗೆ ಹಸಿರು ಗೆರೆ ಒಂದೂ ಕವಲೊಡೆಯುವುದಿಲ್ಲ. ಕೊನೆಗೆ ನಡೆಯುವ ವಾರ ಈ ಕೋಸ್ಟ್ ಪಾತ್‌ನ ಸಂಘದ ಜಾಲತಾಣದಲ್ಲಿ ಬದಲಿ ದಾರಿಗಳ ಪಟ್ಟಿ ನೋಡಿ, ನಿಮ್ಮ ನಕ್ಷೆಯ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಪೆನ್ ಬೇಡ. ಮುಂದಿನ ವರ್ಷ ಮತ್ತೆ ಬದಲಾಗಿರುತ್ತದೆ.

ಬ್ರಿಸ್ಟಲ್‌ಬಿಸಿಬೇಳೆ (ಸೆಪ್ಟೆಂಬರ್ ಕೊನೆ)

ಬಂದೆವು! ಇಬ್ಬರಿಗೂ ಕಾಲುಗುರು ಒಂದೊಂದು ಹೋಯಿತು, ಅಷ್ಟು ಬಿಟ್ಟರೆ ಕ್ಷೇಮ.

ಮೊದಲನೇ ದಿನ ನಕ್ಷೆಪೆಟ್ಟಿಗೆ ಸರ್ ಹೇಳಿದ್ದಕ್ಕಿಂತ ಅರ್ಧ ಗಂಟೆ ಜಾಸ್ತಿಯೇ ಆಯಿತು. ಝೆನ್ನರ್ ಮುಟ್ಟುವ ಮೊದಲೇ ಮಂಜು ಬಂತು. ಸಮುದ್ರ ಬಲಗಡೆ ಇತ್ತು, ಶಬ್ದ ಮಾತ್ರ. ಕಾಣಲಿಲ್ಲ. ತಂಗಿಯ ಮುಖ ನೋಡಬೇಕಿತ್ತು ನೀವು. ಅವಳೇ ನಕ್ಷೆ ಕಿತ್ತುಕೊಂಡು, ಮುಂದಿನ ಭೂಶಿರ ಸುತ್ತದೆ ಎಡಕ್ಕೆ ಹಳ್ಳಿ ಕಡೆ ಹೋಗುವ ಹಸಿರು ಗೆರೆ ಹುಡುಕಿದಳು. ಗೋಡೆ ಎಣಿಸಿಕೊಂಡು ಚರ್ಚ್ ಹತ್ತಿರ ಹೊರಬಿದ್ದೆವು. ಆಮೇಲೆ ಉಳಿದ ನಾಲ್ಕು ದಿನ ನಕ್ಷೆ ನನ್ನ ಕೈಗೆ ಬರಲೇ ಇಲ್ಲ.

ಬೊಟಾಲಕ್‌ನಲ್ಲಿ ಎರಡು ಗಂಟೆ ಕೂತಿದ್ದೆವು. ಚಾಂಪಿಯನ್‌ರೀಫ್ ಅಕ್ಕಾ, ಫೋಟೋ ಕಳಿಸುತ್ತೇನೆ. ಪೋರ್ತ್‌ಕರ್ನೋದಲ್ಲಿ ಇನ್ನೊಂದು ಆಶ್ಚರ್ಯ. 1870ರಲ್ಲಿ ಸಮುದ್ರದ ಕೆಳಗಿನಿಂದ ಬಂದ ತಂತಿ ಆ ಪುಟ್ಟ ದಂಡೆಯಲ್ಲೇ ಮೇಲೆ ಬಂತಂತೆ. ಆ ತಂತಿ ಸಾಲಿನ ಇನ್ನೊಂದು ತುದಿ ಬಾಂಬೆ. ನಮ್ಮ ಫೋನಿಗೆ ಅಲ್ಲಿ ಒಂದು ಕಡ್ಡಿ ಸಿಗ್ನಲ್ ಇರಲಿಲ್ಲ.

ನಕ್ಷೆಯಲ್ಲಿ ಒಂದು ಊರಿಗೆ "ಮೌಸ್‌ಹೋಲ್" (ಇಲಿಬಿಲ) ಅಂತ ಬರೆದು "ಮೌಝಲ್" ಅಂತ ಓದುತ್ತಾರೆ. ಅದಕ್ಕೆ ತಂಗಿ ಇನ್ನೂ ನಗುತ್ತಿದ್ದಾಳೆ. ನ್ಯೂಲಿನ್‌ನಲ್ಲಿ ಕಟ್ಟೆಯ ಕಡೆ ಕೈ ತೋರಿಸಿ "ಸೊನ್ನೆ!" ಅಂತ ಕೂಗಿದಳು. ಮೀನು ಬುಟ್ಟಿ ಹೊತ್ತವರು ತಿರುಗಿ ನೋಡಿದರು.

ಈಗ ಪೆನ್ಝಾನ್ಸ್‌ನಿಂದ ಮುಂದಕ್ಕೆ ಲಿಜರ್ಡ್ ಕಡೆ ಹೋಗಬೇಕಂತೆ. ಅವಳೇ ಕೇಳಲು ಹೇಳಿದಳು. ಯಾವ ಹಾಳೆ?

ನಕ್ಷೆಪೆಟ್ಟಿಗೆ

103. ನನ್ನದು ಎರಡಿದೆ, ಒಂದು ಅಂಚೆಯಲ್ಲಿ ಕಳಿಸುತ್ತೇನೆ. ಮಡಿಕೆಯ ಜಾಗದಲ್ಲಿ ಸ್ವಲ್ಪ ಹರಿದಿದೆ, ಟೇಪ್ ಹಾಕಿದ್ದೇನೆ. ವಿಳಾಸ ಖಾಸಗಿಯಾಗಿ ಕಳಿಸಿ. ಅದರಲ್ಲಿ ಪೆನ್ಸಿಲ್ ಗುರುತುಗಳಿವೆ. ಬದಲಿ ದಾರಿಯದು ಅಳಿಸಿ, ಹಳೇದು. ಕಾಫಿ ಅಂತ ಬರೆದಿರುವುದನ್ನು ಅಳಿಸಬೇಡಿ.

ಅಳಿವೆಬಾಗಿಲು

ನೋಡಿ, ಕೊನೆಗೆ ನೀವೂ ಚಾ ಅಂಗಡಿಯನ್ನೇ ಗುರುತು ಹಾಕಿದ್ದು.